ಪರದೆಯ ಹಿಂಬದಿಯ ವಿಮರ್ಶೆ

ನಂಜನಗೂಡಿನ ನಮ್ಮ ಬೀದಿಯಲ್ಲಿ ಹುಳಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ, ಮದುಮಗಳ ಮೂಗು ಮೊಂಡೋ ಚೂಪೋ, ಪುರಾಣ ಹೇಳಿದವರು ಓದಿಕೊಂಡು ಬಂದಿದ್ದರೋ ಇಲ್ಲವೋ ಎಂಬುದೆಲ್ಲ ಕೊನೆಗೆ ತೀರ್ಮಾನವಾಗುತ್ತಿದ್ದುದು ನಮ್ಮ ಮನೆಯ ಜಗಲಿಯ ಮೇಲೆ. ತೀರ್ಪು ಕೊಡುತ್ತಿದ್ದವಳು ನನ್ನ ಅಜ್ಜಿ, ಅಪ್ಪನ ತಾಯಿ. ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಎಳೆದುಕೊಂಡು, ಕಂಬಕ್ಕೆ ಒರಗದೆ ನೆಟ್ಟಗೆ ಕೂತು ಆಕೆ ಹೇಳುತ್ತಿದ್ದುದು ಹೆಚ್ಚಾಗಿ ಎರಡೇ ಮಾತು. ಒಂದು ‘ಅಸಹ್ಯ’, ಇನ್ನೊಂದು ‘ಪರವಾಗಿಲ್ಲ’. ಎರಡನೆಯದನ್ನು ಕಿವಿಯಾರೆ ಕೇಳಿದವರು ಊರಲ್ಲಿ ಕಡಿಮೆ. ತಾತ ಬದುಕಿದ್ದಾಗ ಮೈಸೂರಿನಲ್ಲಿ ಹಾಡಿ ಶಾಲು ಹೊದಿಸಿಕೊಂಡು ಬಂದ ದಿನ ಆಕೆ ಅಂದದ್ದು, ‘ಶಾಲು ಪರವಾಗಿಲ್ಲ’ ಅಂತ.

ಅಪ್ಪ ಆಕೆಯ ಒಬ್ಬನೇ ಮಗ. ತಾತನಿಂದಲೇ ಸಂಗೀತ ಕಲಿತವರು. ತಾತನ ಗುರುಗಳ ಗುರುಗಳು ಆ ಮಹಾ ವಾಗ್ಗೇಯಕಾರರ ಮನೆಯಲ್ಲೇ ನೀರು ಹೊತ್ತು, ಕಟ್ಟಿಗೆ ಒಡೆದು, ಅವರು ಕಟ್ಟಿದ ಕೃತಿಗಳನ್ನು ಅವರ ಬಾಯಿಂದಲೇ ಕಲಿತವರಂತೆ. ಆ ವಾಗ್ಗೇಯಕಾರರ ಹೆಸರನ್ನು ನಮ್ಮ ಮನೆಯಲ್ಲಿ ಸ್ನಾನವಾಗದೆ ಯಾರೂ ಹೇಳುತ್ತಿರಲಿಲ್ಲ. ನನಗಿನ್ನೂ ಇವತ್ತು ಸ್ನಾನವಾಗಿಲ್ಲ, ಆದ್ದರಿಂದ ಹೇಳುವುದಿಲ್ಲ.

ಅಪ್ಪನ ಕಂಠ ತಾತನಿಗಿಂತ ಚೆನ್ನಾಗಿತ್ತು. ಆದರೆ ಆ ಸಂಗತಿ ಗೊತ್ತಿದ್ದುದು ನಮ್ಮ ಮನೆಯವರಿಗೆ ಮತ್ತು ಕೊಟ್ಟಿಗೆಯ ಹಸುವಿಗೆ ಮಾತ್ರ. ಜನ ನೋಡಿದರೆ ಅವರ ಗಂಟಲು ಕಟ್ಟುತ್ತಿತ್ತು. ಒಮ್ಮೆ ಒಂದು ಮದುವೆ ಮನೆಯಲ್ಲಿ ಕಚೇರಿಗೆ ಕೂರಿಸಿದ್ದರು. ಶ್ರುತಿ ಸೇರಿಸಿದರು, ಕಣ್ಣು ಮುಚ್ಚಿದರು, ಬಾಯಿ ತೆರೆದರು, ಅಷ್ಟರಲ್ಲಿ ಯಾರೋ ಕೆಮ್ಮಿದ್ದಕ್ಕೆ ಕಣ್ಣು ತೆರೆದುಬಿಟ್ಟರು. ಎದುರಿಗೆ ಜಮಖಾನದ ತುಂಬ ಮುಖಗಳು. ಬಾಯಿಂದ ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ಬರೀ ತಂಬೂರಿ ಮೊಳಗುತ್ತಲೇ ಇತ್ತು. ಬೀಗರು ಪಾಪ, ಅದೇ ಒಂದು ಬಗೆಯ ಸಂಗೀತವೆಂದು ತಿಳಿದು ಸ್ವಲ್ಪ ಹೊತ್ತು ತಲೆದೂಗಿದರು. ಆಮೇಲೆ ಎಲೆ ಹಾಕಿದರು. ಅಂದಿನಿಂದ ಅಪ್ಪ ಬೀದಿಯ ಹೆಣ್ಣುಮಕ್ಕಳಿಗೆ ಸರಳೆವರಸೆ ಹೇಳಿಕೊಡುತ್ತಾ, ಅದನ್ನೂ ಗೋಡೆ ನೋಡಿಕೊಂಡೇ ಹೇಳಿಕೊಡುತ್ತಾ, ಕಾಲ ಕಳೆಯುತ್ತಿದ್ದರು.

ಅಂಥ ಹೊತ್ತಿನಲ್ಲಿ ಊರಿಗೆ ಬಯಸ್ಕೋಪಿನ ಡೇರೆ ಬಂತು. ನನಗೆ ಆಗ ಮದುವೆಯಾಗಿ, ಇನ್ನೂ ಗಂಡನ ಮನೆಗೆ ಕಳಿಸಿರಲಿಲ್ಲ. ಕಪಿಲೆಯ ದಡದ ಬಯಲಿನಲ್ಲಿ ಗೂಟ ಹೊಡೆದು ಡೇರೆ ಎಬ್ಬಿಸಿದರು. ಡೇರೆಯ ಯಜಮಾನ ಕೋಲಾರದ ಕಡೆಯವನು. ಬಿಸಿಲಲ್ಲೂ ಕರೀ ಕೋಟು ಬಿಚ್ಚದ, ಮಾತಿನಲ್ಲಿ ಮಂಟಪ ಕಟ್ಟುವ ಮನುಷ್ಯ. ಅವನು ಹುಡುಕಿಕೊಂಡು ನಮ್ಮ ಜಗಲಿಗೇ ಬಂದ.

“ಸ್ವಾಮಿ, ನಿಮ್ಮ ಗುರುಪರಂಪರೆಯ ಆ ದೊಡ್ಡ ಸಂಗೀತಗಾರರ ಕಥೆ ತಂದಿದೀನಿ. ಹುಲಿ ಇದೆ, ಆನೆ ಇದೆ, ಅರಮನೆ ಇದೆ. ಇಲ್ಲದೇ ಇರೋದು ಒಂದೇ. ಬಾಯಿ.”

ಬೊಂಬೆಗಳು ಮಾತಾಡುವ ಕಾಲ ಇನ್ನೂ ಬಂದಿರಲಿಲ್ಲ. ಪರದೆಯ ಮೇಲಿನ ಜನ ತುಟಿ ಆಡಿಸುತ್ತಿದ್ದರು ಅಷ್ಟೆ. ಹೊಡೆದಾಟ ಬಡಿದಾಟದ ಕಥೆಗಾದರೆ ಡೋಲು ಬಡಿದರೆ ಸಾಕು. ಆದರೆ ಜನ್ಮವೆಲ್ಲ ಹಾಡಿದವರ ಕಥೆಯನ್ನು ಮೂಕಚಿತ್ರ ಮಾಡಿದ ಪುಣ್ಯಾತ್ಮ ಯಾರೋ, ಅವನ ಧೈರ್ಯಕ್ಕೆ ಇವತ್ತಿಗೂ ನನಗೆ ಮೆಚ್ಚುಗೆಯಿದೆ. ಪರದೆಯ ಪಕ್ಕ ಕೂತು, ಅಲ್ಲಿ ಬಾಯಿ ತೆರೆದಾಗ ಇಲ್ಲಿ ಹಾಡಲು ಒಬ್ಬರು ಬೇಕಾಗಿತ್ತು.

ಅಪ್ಪ ತಲೆ ಅಲ್ಲಾಡಿಸಿದರು. “ಜನರ ಮುಂದೆ ನನಗೆ ಆಗೋಲ್ಲಪ್ಪ.”

“ಜನರ ಮುಂದೆ ಎಲ್ಲಿ ಸ್ವಾಮಿ? ದೀಪ ಆರಿಸಿಬಿಡ್ತೀವಿ. ಎಲ್ಲರ ಕಣ್ಣೂ ಪರದೆ ಮೇಲೆ. ನೀವು ಯಾರು, ಎಲ್ಲಿದೀರಿ ಅಂತ ಒಂದು ನರಪಿಳ್ಳೆಯೂ ತಿರುಗಿ ನೋಡೋಲ್ಲ.”

ಅಪ್ಪನ ಮುಖ ಆಗ ಹೇಗಾಯಿತೆಂದರೆ, ಜಾತ್ರೆಯಲ್ಲಿ ಕಳೆದುಹೋದವನಿಗೆ ಮನೆಯವರು ಕಂಡ ಹಾಗೆ. ಆದರೂ ಒಳಬಾಗಿಲ ಕಡೆ ನೋಡಿದರು. ಬಾಗಿಲ ಹಿಂದೆ ನಿಂತಿದ್ದ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಾಗಿತ್ತು.

“ಅವರ ಚರಿತ್ರೆಯೇ ಆದರೆ ಹರಿಕಥೆ ಇದ್ದ ಹಾಗೆ. ಹಾಡಲಿ. ನಾನೂ ಬಂದು ನೋಡ್ತೀನಿ. ತಪ್ಪು ಕಂಡರೆ ಅಲ್ಲೇ ಹೇಳ್ತೀನಿ, ಮನೆಗೆ ಬರೋವರೆಗೂ ಕಾಯೋಲ್ಲ” ಅಂದಳು. ಡೇರೆಯ ಯಜಮಾನ ಅದನ್ನು ಆಶೀರ್ವಾದವೆಂದು ತಿಳಿದು ಕೈಮುಗಿದ.

ನಮ್ಮೂರಿನ ಡೇರೆಯಲ್ಲಿ ಕೂರುವ ಕ್ರಮ ಇಲ್ಲಿ ಸ್ವಲ್ಪ ಹೇಳಬೇಕು. ಪರದೆಯನ್ನು ಡೇರೆಯ ನಡುಮಧ್ಯೆ ಕಟ್ಟುತ್ತಿದ್ದರು. ಯಂತ್ರ ತಿರುಗಿಸುವ ಕಡೆ ಗಂಡಸರು. ಪರದೆಯ ಆಚೆ ಬದಿಗೆ ಹೆಂಗಸರು. ಗಂಡಸರ ಜೊತೆ ಒಂದೇ ಕಡೆ ಕೂರಲು ಬೀದಿಯ ಹೆಂಗಸರು ಯಾರೂ ಒಪ್ಪುವಂತಿರಲಿಲ್ಲ, ಒಪ್ಪಿದರೂ ಅಜ್ಜಿ ಬಿಡುವಂತಿರಲಿಲ್ಲ. ಆಟಕ್ಕೆ ಮುಂಚೆ ಆಳುಗಳು ಹೊಳೆಯಿಂದ ನೀರು ತಂದು ಪರದೆಯನ್ನು ಚೆನ್ನಾಗಿ ನೆನೆಸುತ್ತಿದ್ದರು. ನೆನೆದ ಬಟ್ಟೆಯಲ್ಲಿ ಬೊಂಬೆ ಆಚೆಗೂ ಈಚೆಗೂ ಚೆನ್ನಾಗಿ ಮೂಡುತ್ತಿತ್ತು. ಯಾರಿಗೂ ಯಾರೂ ಕಾಣದಂತೆ, ಎಲ್ಲರಿಗೂ ಬೊಂಬೆ ಕಾಣುವಂತೆ ಮಾಡಿದ ಏರ್ಪಾಟು ಅದು. ಅದರಲ್ಲಿ ಒಂದು ಐಬಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ದೀಪ ಆರಿತು. ಪರದೆಯ ಆ ಬದಿಯಿಂದ ಅಪ್ಪನ ದನಿ ಬಂತು. ಮೊದಲು ಸ್ವಲ್ಪ ನಡುಗಿತು, ಆಮೇಲೆ ನಿಂತಿತು, ಆಮೇಲೆ ಹರಿಯಿತು. ಕಡಲೆಕಾಯಿ ಸುಲಿಯುತ್ತಿದ್ದ ಹೆಂಗಸರ ಕೈಗಳು ಹಾಗೇ ನಿಂತವು. ಮನೆಯಲ್ಲೂ ಅಪ್ಪ ಇಷ್ಟು ಚೆನ್ನಾಗಿ ಹಾಡಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಹೆಮ್ಮೆಯಿಂದ ಅಳು ಬಂತು. ಅಜ್ಜಿ ಎಲ್ಲರಿಂದ ದೂರ, ತನ್ನ ಧಾಬಳಿ ಹಾಸಿಕೊಂಡು, ಮಡಿ ಕೆಡದಂತೆ ಕೂತಿದ್ದಳು. ಆಕೆ ಕೇಳುತ್ತಿದ್ದಳೋ ಇಲ್ಲವೋ ಹೇಳಲಾರೆ. ನೋಡುತ್ತಂತೂ ಇದ್ದಳು.

ನೋಡುವಂಥದ್ದೂ ಅಲ್ಲಿ ಬೇಕಾದಷ್ಟಿತ್ತು. ನಮ್ಮ ಮನೆಯಲ್ಲಿ ಸ್ನಾನ ಮಾಡಿ ಹೆಸರು ಹೇಳುತ್ತಿದ್ದ ಆ ಸಾಧುಪುರುಷರಿಗೆ ಪರದೆಯ ಮೇಲೆ ಕಟ್ಟುಮೀಸೆ, ಕುಸ್ತಿ ಪೈಲ್ವಾನನ ಎದೆ. ಅವರು ಒಂದು ಕೃತಿ ಹಾಡಿ ಹುಲಿಯನ್ನು ಮಲಗಿಸಿದರು. ಹುಲಿ ಎದ್ದಾಗ ಇನ್ನೊಂದು ಹಾಡುವ ತಾಳ್ಮೆಯಿಲ್ಲದೆ ಅದರ ದವಡೆ ಸೀಳಿದರು. ತಂಬೂರಿಯ ಮೇಲೆ ಕಾಲು ಇಳಿಬಿಟ್ಟು ಕೂತು ಆಕಾಶದಲ್ಲಿ ಹಾರಿ ಕೋಟೆಯೊಳಗೆ ಇಳಿದರು. ರಾಜಕುಮಾರಿ ಕೂತಿದ್ದ ರೈಲನ್ನು ಒಂದು ಆಲಾಪನೆಯಿಂದ ತಡೆದು ನಿಲ್ಲಿಸಿದರು. ಅಷ್ಟರಲ್ಲೂ ಅಪ್ಪ ಕಣ್ಣು ಮುಚ್ಚಿಕೊಂಡು, ಅತ್ಯಂತ ಭಕ್ತಿಯಿಂದ, ವಿಳಂಬ ಕಾಲದಲ್ಲಿ ಹಾಡುತ್ತಲೇ ಇದ್ದರು. ಪರದೆಯ ಮೇಲೆ ಏನಾಗುತ್ತಿದೆಯೆಂದು ಅವರು ಒಮ್ಮೆಯೂ ನೋಡಲಿಲ್ಲವಂತೆ.

ಅಜ್ಜಿ ಇದನ್ನೆಲ್ಲ ಕ್ಷಮಿಸಿದಳು. ಮಹಾತ್ಮರು ಮನಸ್ಸು ಮಾಡಿದರೆ ಹಾರುತ್ತಾರೆ, ಅದರಲ್ಲೇನು? ಚಿತ್ರದ ಹೆಂಗಸರೆಲ್ಲ ಬಲಹೆಗಲ ಮೇಲೆ ಸೆರಗು ಹೊದ್ದಿದ್ದಕ್ಕೆ, “ಉತ್ತರದೇಶದೋರು ಹಾಗೇ ಉಡ್ತಾರಂತೆ” ಅಂದಳು. ಆ ಮಹಾನುಭಾವರು ಎಡಗೈಯಲ್ಲಿ ಊಟ ಮಾಡಿದಾಗ ಮುಖ ಸಿಂಡರಿಸಿ, “ಎಡಚ ಇರಬೇಕು, ಪಾಪ” ಅಂದಳು. ಆಮೇಲೆ ಅವರ ಮದುವೆ ಬಂತು. ಮೀಸೆಯ ವಾಗ್ಗೇಯಕಾರರು ಬರಿಮೈಯಲ್ಲಿ ಹಸೆಮಣೆಯ ಮೇಲೆ ಕೂತರು. ಎದೆಯ ಮೇಲೆ ಜನಿವಾರ ಬಿಳೀ ಹಗ್ಗದ ಹಾಗೆ ಹೊಳೆಯುತ್ತಿತ್ತು. ಅದು ಬಲಹೆಗಲ ಮೇಲಿತ್ತು.

ಜನಿವಾರ ಇರಬೇಕಾದದ್ದು ಎಡಹೆಗಲ ಮೇಲೆ. ಅದು ಬಲಕ್ಕೆ ಬರುವುದು ಸತ್ತವರ ಕಾರ್ಯದಲ್ಲಿ, ತಿಥಿಯ ದಿನ ಪಿಂಡ ಇಡುವಾಗ. ಹಸೆಯ ಮೇಲೆ ಕೂತ ಗಂಡು, ಪಕ್ಕದಲ್ಲಿ ಕೂತ ಪುರೋಹಿತರು, ಧಾರೆ ಎರೆಯಲು ನಿಂತ ಮಾವ, ಎಲ್ಲರದೂ ಬಲಹೆಗಲ ಮೇಲೆ! ಸಾಲದೆಂದು ಎಡಗೈ ಚಾಚಿ ಅಕ್ಷತೆ ಹಾಕುತ್ತಿದ್ದಾರೆ.

“ಏಳಿ!” ಅಂದಳು ಅಜ್ಜಿ. “ಮದುವೆ ಮನೇಲಿ ತಿಥಿ ಮಾಡ್ತಿದಾರೆ ಅನಿಷ್ಟ ಮುಂಡೇವು! ಮುತ್ತೈದೇರು ನೋಡಬಾರದು, ಬಸುರೀರು ನೋಡಬಾರದು. ಎದ್ದು ನಡೀರಿ ಎಲ್ಲಾ!”

ಬಳೆಗಳ ಸದ್ದು, ಮಕ್ಕಳ ಅಳು, ಚಾಪೆ ಸುತ್ತುವ ಗಲಾಟೆ. ಪರದೆಯ ಆಚೆ ಗಂಡಸರು ಬೆಂಕಿ ಬಿತ್ತೆಂದು ತಿಳಿದು ತಾವೂ ಎದ್ದು ಓಡಿದರು. ಅಪ್ಪ ಮಾತ್ರ ಕಣ್ಣು ಬಿಡದೆ ಚರಣದವರೆಗೂ ಹಾಡಿ ಮುಗಿಸಿದರಂತೆ. ಆಮೇಲೆ ನೋಡಿದರೆ ಡೇರೆಯಲ್ಲಿ ಒಂದು ನಾಯಿ ಇತ್ತು.

ಮರುದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ನಡೆದದ್ದು ದೊಡ್ಡ ವಾದ. ಎದುರುಮನೆಯಲ್ಲಿ ಇಸ್ಕೂಲಿನಿಂದ ನಿವೃತ್ತರಾದ ಮೇಷ್ಟರೊಬ್ಬರಿದ್ದರು. ಮೈಸೂರಿನ ಒಂದು ವಾರಪತ್ರಿಕೆಗೆ ಆಗಾಗ ಬರೆಯುತ್ತಿದ್ದವರು. ಅವರು ಆ ಚಿತ್ರದ ಮೇಲೆ ಖಾರವಾಗಿ ಬರೆಯಲು ಕೂತಿದ್ದರು. ಆ ಮಹನೀಯರ ಕಾಲದಲ್ಲಿ ರೈಲು ಎಲ್ಲಿತ್ತು, ಎಂಬುದು ಅವರ ಮುಖ್ಯ ಆಕ್ಷೇಪಣೆ. ಆದರೆ ಜನಿವಾರದ ವಿಷಯ ಕೇಳಿ ಅವರಿಗೆ ರೇಗಿತು.

“ಅಮ್ಮ, ಚಿತ್ರದಲ್ಲಿ ತಪ್ಪು ನೂರಿದೆ. ಆದರೆ ಜನಿವಾರ ಎಡಹೆಗಲ ಮೇಲೇ ಇತ್ತು. ನಾನು ಎಲ್ಲರಿಗಿಂತ ಮುಂದೆ ಕೂತಿದ್ದೆ.”

“ನಾವೇನು ಬೆನ್ನು ಮಾಡಿಕೊಂಡು ಕೂತಿದ್ವಾ? ಇಷ್ಟು ಜನ ಹೆಂಗಸರು ಕಣ್ಣಾರೆ ನೋಡಿದೀವಿ.”

“ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಅಂತಾರೆ...”

“ಪರಾಂಬರಿಸಿದೀನಿ. ನಿದ್ದೆ ಮಾಡಿದೋರಿಗೆ ಎಡ ಯಾವುದು ಬಲ ಯಾವುದು?”

ಮೇಷ್ಟರು ಆಣೆ ಮಾಡಿದರು. ಅಜ್ಜಿಯೂ ಆಣೆ ಮಾಡಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಇಬ್ಬರು ಸೇರಿದರೆ ಮೊಲದ ಗತಿ ಏನು? ಇಷ್ಟರಲ್ಲಿ ಬೀದಿಯಲ್ಲಿ ಮನೆಮನೆಗೂ ಜಗಳ ಹತ್ತಿಕೊಂಡಿತು. ಗಂಡ ಎಡ ಅಂದರೆ ಹೆಂಡತಿ ಬಲ. ಗಂಡಂದಿರು ಸುಳ್ಳು ಹೇಳುತ್ತಿದ್ದಾರೆಂದು ಹೆಂಗಸರೂ, ಹೆಂಗಸರಿಗೆ ದೃಷ್ಟಿದೋಷವೆಂದು ಗಂಡಸರೂ ನಂಬಿಬಿಟ್ಟರು. ಪರದೆಯ ಆಚೆಗೊಮ್ಮೆ ಈಚೆಗೊಮ್ಮೆ ಹೋಗಿ ನೋಡೋಣವೆಂದು ಒಬ್ಬರಿಗೂ ಅನ್ನಿಸಲಿಲ್ಲ. ಹಾಗೆ ಹೋಗುವ ಪದ್ಧತಿ ಇರಲಿಲ್ಲ. ಅಡುಗೆ ಮಾಡುವವರು ಹೆಂಗಸರಾದ್ದರಿಂದ ಸಂಜೆಯ ಹೊತ್ತಿಗೆ ಗಂಡಸರೂ ಬಲಹೆಗಲೇ ಇದ್ದೀತು ಎನ್ನತೊಡಗಿದರು. ಡೇರೆ ಖಾಲಿ ಹೊಡೆಯಿತು.

ನಗುವ ಮಾತು ಅಲ್ಲಿಗೆ ಮುಗಿಯಿತು. ಅಂಥ ಅಮಂಗಳಕ್ಕೆ ಹಾಡಿದವರ ಹತ್ತಿರ ಮದುವೆಯಾಗಬೇಕಾದ ಹುಡುಗಿಯರು ಪಾಠ ಕಲಿಯುವುದು ಹೇಗೆ? ಒಬ್ಬೊಬ್ಬರಾಗಿ ನಿಂತುಹೋದರು. ಅಜ್ಜಿಗೆ ಇದು ಹೀಗಾದೀತೆಂದು ಗೊತ್ತಿರಲಿಲ್ಲ. ಆದರೆ ಕೊಟ್ಟ ತೀರ್ಪನ್ನು ವಾಪಸು ತೆಗೆದುಕೊಂಡು ಆಕೆಗೆ ಅಭ್ಯಾಸವಿರಲಿಲ್ಲ. ಅಪ್ಪ ಪಾಠವಿಲ್ಲದ ಬೆಳಿಗ್ಗೆ ತಂಬೂರಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಡೇರೆಯವನು ಗಂಟುಮೂಟೆ ಕಟ್ಟಿ ನರಸೀಪುರಕ್ಕೆ ಹೊರಟಾಗ, ಅವರು ಅಜ್ಜಿಯ ಮುಂದೆ ಬಂದು ನಿಂತರು.

“ಅಮ್ಮ, ಅವನ ಜೊತೆ ಹೋಗಿಬರ್ತೀನಿ.”

ಅಜ್ಜಿ ಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತಲಿಲ್ಲ. ಅಪ್ಪ ತಾಯಿಯ ಒಪ್ಪಿಗೆಯಿಲ್ಲದೆ ಹೆಜ್ಜೆ ಇಟ್ಟದ್ದು ಅದೊಂದೇ ಸಲ. ತಂಬೂರಿಗೆ ಗವಸು ಹಾಕಿಕೊಂಡು ಹೊರಟುಹೋದರು.

ಸ್ವಲ್ಪ ದಿನ ಕಳೆದ ಮೇಲೆ ಅಜ್ಜಿಗೆ ಇದ್ದಕ್ಕಿದ್ದಂತೆ ಸಂಗಮಸ್ನಾನದ ಭಕ್ತಿ ಹುಟ್ಟಿತು. ನರಸೀಪುರದಲ್ಲಿ ಕಾವೇರಿ ಕಪಿಲೆ ಕೂಡುತ್ತವೆ, ನಿಜ. ಆದರೆ ಅವೆರಡೂ ಯಾವಾಗಲೂ ಅಲ್ಲೇ ಕೂಡುತ್ತಿದ್ದವು. ನಾನು ಅದನ್ನು ಹೇಳಲು ಹೋಗಲಿಲ್ಲ. ಆಕೆಯ ಮಡಿ ತಂಬಿಗೆ ಹಿಡಿದು ಗಾಡಿ ಹತ್ತಿದೆ.

ಗಾಡಿಯವನು ಹೆಡತಲೆಯೆಂಬ ಹಳ್ಳಿಯ ಒಕ್ಕಲಿನವನು. ಡೇರೆಯ ಸಾಮಾನನ್ನು ನರಸೀಪುರಕ್ಕೆ ಸಾಗಿಸಿದ್ದೂ ಅವನೇ. ಚಿತ್ರವನ್ನು ಎರಡೂ ಊರಿನಲ್ಲಿ ನೋಡಿದ್ದ. ಅಜ್ಜಿ ಕೇಳದಿದ್ದರೂ ದಾರಿಯುದ್ದಕ್ಕೂ ವರ್ಣಿಸಿದ.

“ಅಮ್ಮಾರೇ, ಉಲಿ ದವಡೆ ಸೀಳಿದ್ರಲ್ಲಾ, ಅಬ್ಬಬ್ಬಾ! ಅಂತಾ ಸಂಗೀತ ನಾ ಉಟ್ದಾಗಿಂದ ಕಂಡಿಲ್ಲ ಕಣ್ರೀ.”

“ಸಂಗೀತ ಕಾಣೋದಲ್ಲ ಕಣಯ್ಯ, ಕೇಳೋದು” ಅಂದಳು ಅಜ್ಜಿ.

“ಕೇಳ್ದೆ ಬುಡಿ. ನಿಮ್ ಮಗ ಚೆಂದಾಗ್ ಆಡ್ತಾರೆ. ಆದ್ರೂ ಉಲಿ ಬಂದಾಗ ವಸಿ ಜೋರಾಗ್ ಆಡ್ಬೇಕಾಗಿತ್ತು. ಉಲಿ ಬಂದ್ರೂ ನಿಧಾನ, ರೈಲ್ ಬಂದ್ರೂ ನಿಧಾನ. ನಮ್ ಎತ್ತೇ ವಾಸಿ.”

ಅಜ್ಜಿ ಮುಖ ಆ ಕಡೆ ತಿರುಗಿಸಿದಳು. ನಕ್ಕಳೋ ಏನೋ, ಸೆರಗಿನ ಮರೆಯಲ್ಲಿ ಕಾಣಲಿಲ್ಲ.

ನರಸೀಪುರದಲ್ಲಿ ನಾವು ಇಳಿದದ್ದು ಅಜ್ಜಿಯ ತಂಗಿಯ ಮನೆಯಲ್ಲಿ. ಆ ಚಿಕ್ಕಜ್ಜಿ ಕಾಲಿಗೆ ನೀರು ಕೊಡುವ ಮುಂಚೆಯೇ ಶುರುಮಾಡಿದಳು. “ಏನೇ ಅಕ್ಕ, ನೀನು ಬೇಡ ಅಂದ್ಯಂತೆ? ಇಲ್ಲಿ ಒಬ್ಬ ಹೆಂಗಸೂ ಡೇರೆ ಕಡೆ ತಲೆ ಹಾಕ್ತಿಲ್ಲ. ಗಂಡಸರೂ ಅಷ್ಟಕ್ಕಷ್ಟೆ. ನಿನ್ನ ಮಗನ ಮುಖ ನೋಡೋಕಾಗೋಲ್ಲ.” ಅಜ್ಜಿಯ ತೀರ್ಪು ನಮಗಿಂತ ಮುಂಚೆ ಊರು ಮುಟ್ಟಿತ್ತು.

ಅಪ್ಪ ಬಂದರು. ಇಳಿದುಹೋಗಿದ್ದರು. ಡೇರೆಯವನು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದನಂತೆ: ಇವತ್ತೂ ಹೆಂಗಸರು ಬಾರದೆ ಹೋದರೆ ಈ ಚಿತ್ರವನ್ನು ಡಬ್ಬಿಗೆ ಹಾಕಿ ವಾಪಸು ಕಳಿಸುತ್ತಾನೆ, ಮುಂದಿನ ಊರಿಗೆ ಕತ್ತಿವರಸೆಯ ಚಿತ್ರ, ಅದಕ್ಕೆ ಡೋಲಿನವನೊಬ್ಬ ಸಾಕು. ಇತ್ತ ನಂಜನಗೂಡಿನಲ್ಲಿ ಶಿಷ್ಯೆಯರೂ ಇರಲಿಲ್ಲ. ಇದೆಲ್ಲ ನಮಗೆ ಹೇಳಿದವಳು ಚಿಕ್ಕಜ್ಜಿ. ಅಪ್ಪ ಹೇಳಿದ್ದು ಬೇರೆ.

“ಅಮ್ಮ, ನಾನು ಹಾಡುವಾಗ ಜನ ಸುಮ್ಮನೆ ಕೂತು ಕೇಳ್ತಾರೆ. ಅದು ಹೇಗಿರುತ್ತೆ ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.”

ಅಜ್ಜಿ “ಊಟ ಮಾಡಿದ್ಯಾ?” ಅಂದಳು.

ಸಂಜೆ ಚಿಕ್ಕಜ್ಜಿ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದಳು. “ಅಕ್ಕ ಬಂದು ಇನ್ನೊಂದ್ಸಲ ಪರೀಕ್ಷೆ ಮಾಡ್ತಾಳೆ. ಆಕೆ ಎದ್ದರೆ ನಾವೂ ಎದ್ದುಬಿಡೋಣ” ಎಂದು ಕರಾರಾಗಿತ್ತು. ಅಜ್ಜಿ ಮುಂದೆ, ಹಿಂದೆ ಹೆಂಗಸರ ದಂಡು. ಡೇರೆಯ ಯಜಮಾನ ನಮ್ಮನ್ನು ಕಂಡು ಕೋಟಿನ ಗುಂಡಿ ಹಾಕಿಕೊಂಡ. ಪಾಪ, ಅವನಿಗೆ ಜ್ವರವೇ ಬಂದಿರಬೇಕು.

ನರಸೀಪುರದಲ್ಲಿ ಡೇರೆ ಹಾಕಿದ್ದ ಜಾಗ ಇಕ್ಕಟ್ಟು. ಪರದೆಯ ಹಿಂದೆ ಯಾರದೋ ಹಿತ್ತಿಲ ಗೋಡೆ. ಆದ್ದರಿಂದ ಹೆಂಗಸರನ್ನೂ ಯಂತ್ರದ ಕಡೆಯೇ ಕೂರಿಸಿ, ಗಂಡಸರಿಗೂ ಅವರಿಗೂ ನಡುವೆ ಒಂದು ಉದ್ದನೆಯ ಜಮಖಾನವನ್ನು ಹಗ್ಗಕ್ಕೆ ಇಳಿಬಿಟ್ಟಿದ್ದರು. ಅಜ್ಜಿ ಇದನ್ನು ನೋಡಿ, “ಊರೇ ಹೀಗೆ” ಎಂದು ಗೊಣಗಿ ಧಾಬಳಿ ಹಾಸಿದಳು.

ಆಟ ಶುರುವಾಯಿತು. ಅಪ್ಪ ಹಾಡಿದರು. ಮೀಸೆಯ ಮಹಾನುಭಾವರು ತಂಬೂರಿ ಏರಿ ಹಾರಿದರು. ನಮ್ಮ ಕಡೆ ಯಾರೂ ಅದನ್ನು ನೋಡುತ್ತಿರಲಿಲ್ಲ. ಎಲ್ಲರೂ ಅಜ್ಜಿಯ ಬೆನ್ನನ್ನು ನೋಡುತ್ತಿದ್ದರು. ಮದುವೆಯ ದೃಶ್ಯ ಬಂತು. ವರ ಹಸೆಮಣೆಯ ಮೇಲೆ ಕೂತ. ಅಜ್ಜಿ ಮುಂದಕ್ಕೆ ಬಾಗಿದಳು.

ಜನಿವಾರ ಎಡಹೆಗಲ ಮೇಲಿತ್ತು. ಅಕ್ಷತೆ ಬಲಗೈಯಿಂದ ಬೀಳುತ್ತಿತ್ತು. ಪುರೋಹಿತರು, ಮಾವ, ಎಲ್ಲರೂ ಮಂಗಳವಾಗಿದ್ದರು.

ನನಗೆ ಆಗ ಹೊಳೆಯಿತು. ನಂಜನಗೂಡಿನಲ್ಲಿ ನಾವು ಕೂತದ್ದು ಪರದೆಯ ಹಿಂದೆ. ಹಿಂದಿನಿಂದ ನೋಡಿದರೆ ಎಡವೆಲ್ಲ ಬಲ, ಬಲವೆಲ್ಲ ಎಡ. ಅಜ್ಜಿಯೂ ಸುಳ್ಳು ಹೇಳಿರಲಿಲ್ಲ, ಮೇಷ್ಟರೂ ನಿದ್ದೆ ಮಾಡಿರಲಿಲ್ಲ. ಒಂದು ಒದ್ದೆ ಬಟ್ಟೆಗೋಸ್ಕರ ಊರಿನ ಸಂಸಾರಗಳೆಲ್ಲ ಕಚ್ಚಾಡಿದ್ದವು. ಇದನ್ನು ಹೇಳಿಬಿಡೋಣವೆಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಹಿಂದಕ್ಕೆ ತಿರುಗಿದಳು. ಆ ಮಬ್ಬಿನಲ್ಲೂ ಆಕೆಯ ಮುಖ ಬೆಳಗುತ್ತಿತ್ತು.

“ತಿದ್ದಿದಾರೆ!” ಅಂದಳು. “ನೋಡಿದ್ರಾ? ನಾನು ಅಂದದ್ದು ಕಿವಿಗೆ ಬಿದ್ದಿದೆ. ಹೇಳೋರು ಒಬ್ಬರಿದ್ದರೆ ತಿದ್ದಿಕೊಳ್ತಾರೆ. ಕೂತ್ಕೊಳ್ಳಿ, ಇನ್ನು ಭಯವಿಲ್ಲ.”

ನಾನು ಬಾಯಿ ಮುಚ್ಚಿಕೊಂಡೆ. ದೂರದ ಪಟ್ಟಣದ ಯಾವುದೋ ಕಂಪೆನಿಯವರು ನಂಜನಗೂಡಿನ ಒಬ್ಬ ಮಡಿ ಹೆಂಗಸಿಗೆ ಹೆದರಿ, ಇನ್ನೊಮ್ಮೆ ಮದುವೆ ಮಾಡಿಸಿ, ಎಲ್ಲರ ಜನಿವಾರವನ್ನೂ ಸರಿಪಡಿಸಿ ಕಳಿಸಿದ್ದಾರೆಂದು ನಂಬಿದರೆ ಯಾರ ಗಂಟು ಹೋಗುತ್ತದೆ? ಹೆಂಗಸರು ನಿರಾಳವಾಗಿ ಕಾಲು ಚಾಚಿದರು. ಯಾರೋ ಕಡಲೆಕಾಯಿ ಬಿಚ್ಚಿದರು. ಅಪ್ಪ ಉಳಿದರು, ಅಂದುಕೊಂಡೆ.

ಆಗ ಪರದೆ ಚಟ್ಟನೆ ಬೆಳ್ಳಗಾಯಿತು. ಮದುವೆಯ ದಿಬ್ಬಣ ಹೊರಡುವ ಹೊತ್ತಿಗೆ ಸರಿಯಾಗಿ ಯಂತ್ರದೊಳಗೆ ರೀಲು ತುಂಡಾಯಿತು. ಅಂಟಿಸಲು ಬೆಳಕು ಬೇಕಲ್ಲ, ಗ್ಯಾಸ್ ಲೈಟು ಹೊತ್ತಿಸಿದರು. ಡೇರೆಯ ತುಂಬ ಹಗಲಾಯಿತು. ನೋಡಲು ಬೊಂಬೆಯಿಲ್ಲದೆ ಜನ ಹಾಡು ಬರುತ್ತಿದ್ದ ಕಡೆ ನೋಡಿದರು. ಪರದೆಯ ಬುಡದಲ್ಲಿ, ತಂಬೂರಿ ತಬ್ಬಿಕೊಂಡು, ಅಪ್ಪ.

“ಓಹೋ, ಆಡ್ತಿದ್ದೋರು ಇವ್ರೇನ್ಲಾ!” ಎಂದು ಹೆಮ್ಮಿಗೆಯ ಕಡೆಯ ಒಬ್ಬ ಗಟ್ಟಿಯಾಗಿ ಅಂದ. ಅಪ್ಪ ಕಣ್ಣು ತೆರೆದರು.

ದನಿ ಅರ್ಧದಲ್ಲಿ ನಿಂತುಹೋಯಿತು. ಬಾಯಿ ತೆರೆದೇ ಇತ್ತು. ಬೆರಳು ಮಾತ್ರ ತಂತಿ ಮೀಟುತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಇನ್ನೊಬ್ಬರು ಸಿಳ್ಳೆ ಹಾಕಿದರು. ಜಮಖಾನದ ಸಂದಿಯಿಂದ ಅಪ್ಪನ ಕೊರಳ ನರ ಎದ್ದದ್ದು ಕಾಣುತ್ತಿತ್ತು. ಇನ್ನು ಈ ಜನ್ಮದಲ್ಲಿ ಇವರು ಕತ್ತಲಲ್ಲೂ ಹಾಡಲಾರರು ಅಂದುಕೊಂಡೆ.

“ದೀಪ ಆರಿಸೋ!”

ಅಜ್ಜಿ ಎದ್ದು ನಿಂತಿದ್ದಳು.

ಯಂತ್ರದ ಹತ್ತಿರವಿದ್ದ ಯಜಮಾನ ತಿರುಗಿ, “ಅಮ್ಮಾ, ರೀಲು ಅಂಟಿಸಬೇಕು, ಸ್ವಲ್ಪ ತಾಳಿ” ಅಂದ.

ಅಜ್ಜಿ ತಾಳಲಿಲ್ಲ. ಜಮಖಾನವನ್ನು ಎತ್ತಿ, ಮಡಿ ಸೀರೆಯಲ್ಲಿ, ಆ ಗಂಡಸರ ಮಧ್ಯೆ ನಡೆದಳು. ಒಕ್ಕಲಿನವರು, ಅಂಗಡಿಯವರು, ಕಚೇರಿಯ ಗುಮಾಸ್ತೆಗಳು ಗಾಬರಿಯಿಂದ ಕಾಲು ಮಡಚಿಕೊಂಡು ದಾರಿ ಬಿಟ್ಟರು. ಯಾರ ಯಾರ ಮೈಯೋ ತಗುಲಿತು. ಆಕೆ ಲಕ್ಷಿಸಲಿಲ್ಲ.

“ನಿನ್ನ ರೀಲಿಗಿಷ್ಟು ಮಣ್ಣು ಹಾಕ! ಅವನು ಹಾಡ್ತಿದಾನೆ, ಕಾಣಿಸಲ್ವೇನೋ? ಆರಿಸು ಅಂದೆ!”

ಗ್ಯಾಸ್ ಲೈಟು ಬುಸ್ಸೆಂದು ಆರಿತು. ಬೆಳಕೂ ಇಲ್ಲ, ಬೊಂಬೆಯೂ ಇಲ್ಲ, ಬರೀ ಗವ್ವೆನ್ನುವ ಕತ್ತಲು. ತಂಬೂರಿ ಮಾತ್ರ ಮೊಳಗುತ್ತಿತ್ತು. ಯಾರೂ ನಗಲಿಲ್ಲ, ಅಜ್ಜಿ ಅಲ್ಲೇ ಎಲ್ಲೋ ನಿಂತಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಅಪ್ಪ, ಬಿಟ್ಟ ಪದದಿಂದಲೇ, ಮೆಲ್ಲಗೆ ಎತ್ತಿಕೊಂಡರು. ಅದು ಮುಗಿದ ಮೇಲೆ ಇನ್ನೊಂದು ಹಾಡಿದರು. ರೀಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ, ಆ ಹುಲಿಯ ಅಭಿಮಾನಿಗಳೂ ಎತ್ತಲಿಲ್ಲ. ನಾನು ಕತ್ತಲಲ್ಲಿ ಬಿಕ್ಕಿ ಬಿಕ್ಕಿ ಅತ್ತೆ. ಕತ್ತಲು ನನಗೂ ಒದಗಿತು.

ಬೆಳಿಗ್ಗೆ ಅಜ್ಜಿ ಸಂಗಮದಲ್ಲಿ ಮುಳುಗಿ ಎದ್ದು, ಹಿಂದಿನ ಸಂಜೆಯ ಮೈಲಿಗೆಯನ್ನೆಲ್ಲ ತೊಳೆದುಕೊಂಡು, ಮೆಟ್ಟಿಲ ಮೇಲೆ ಸೀರೆ ಹಿಂಡುತ್ತಿದ್ದಳು. ಆಟಕ್ಕೆ ಬಾರದೆ ಉಳಿದಿದ್ದ ಹೆಂಗಸರು ಕೆಲವರು ಕೊಡ ಹಿಡಿದುಕೊಂಡು ಸುತ್ತ ನಿಂತರು. ಅವರಿಗೆ ತೀರ್ಪು ಬೇಕಿತ್ತು.

“ಚಿತ್ರ ಹೇಗಿದೆ ಅಜ್ಜಿ? ನಾವು ನೋಡಬಹುದಾ?”

“ನೋಡೋದಕ್ಕೆ ಏನಿದೆ ಅಲ್ಲಿ?” ಅಂದಳು ಅಜ್ಜಿ. “ಹೋಗಿ ಕಣ್ಣು ಮುಚ್ಚಿಕೊಂಡು ಕೂತ್ಕೊಳ್ಳಿ. ನನ್ನ ಮಗ ಹಾಡ್ತಾನೆ.”